ಕೂರಿಗೆಯ ಅಳತೆ

ವಸ್ತುವಿನ್ಯಾಸದ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವುದು ಬೀಜ ಬಿತ್ತುವ ಕೂರಿಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಖುಷ್ಕಿ ಹೊಲಗಳಿಗೆ ಮುಂಗಾರಿನಲ್ಲಿ ಪೂಜೆ ಮಾಡಿಸಿಕೊಂಡು ಹೊರಡುವ ಈ ಸಾಧನಕ್ಕೆ ಯಾರ ಹೆಸರೂ ಅಂಟಿಕೊಂಡಿಲ್ಲ. ದಿಂಡು, ಈಸು, ಮೇಳಿ ಬಡಿಗನವು. ಸಾಲು ಕೊರೆಯುವ ತಾಳಿನ ತುದಿಯ ಕಬ್ಬಿಣ ಕಮ್ಮಾರನದು. ಹಗ್ಗದ ಬಿಗಿ ರೈತನದು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸಾಲಿನ ಅಂತರ. ತಾಳಿನಿಂದ ತಾಳಿಗೆ ಎಷ್ಟು ಎಂದು ಗೊತ್ತಾದ ಗಳಿಗೆಯಲ್ಲೇ ಮುಂದಿನ ತಿಂಗಳ ಕೆಲಸವೂ ಗೊತ್ತಾಗಿಬಿಡುತ್ತದೆ. ಶೇಂಗಾಕ್ಕೆ ಸಾಲು ಹತ್ತಿರ, ಹತ್ತಿಗೆ ದೂರ. ಪೈರು ಎದ್ದ ಮೇಲೆ ಅದೇ ಸಾಲುಗಳ ನಡುವೆ ಎಡೆಕುಂಟೆ ಹಾಯಬೇಕು. ಅದರ ಅಲಗು ಎರಡು ಬೆರಳು ಹೆಚ್ಚು ಅಗಲವಾದರೆ ಪೈರೇ ಕೊಯ್ದುಹೋಗುತ್ತದೆ, ಕಿರಿದಾದರೆ ಕಳೆ ಉಳಿಯುತ್ತದೆ. ಆದ್ದರಿಂದ ಎರೆ ಹೊಲದವನೂ ಮಸಾರಿ ಹೊಲದವನೂ ಬಡಿಗನೆದುರು ಕುಕ್ಕರಗಾಲಲ್ಲಿ ಕೂತು ಮಾತಾಡುತ್ತಿದ್ದರು. ಮರಕ್ಕೆ ಉಳಿ ತಾಗುವ ಮುಂಚೆ ಮುಗಿಯಬೇಕಾದ ಮಾತು ಅದು. ನಮ್ಮ ಕಚೇರಿಗಳಲ್ಲಿ ಅದೇ ಮಾತು ಸಾಮಾನು ತಯಾರಾದ ಮೇಲೆ ಶುರುವಾಗುತ್ತದೆ.

ಬಡಿಗನಿಗೆ ಕೂಲಿ ಸಿಗುತ್ತಿದ್ದುದು ಸುಗ್ಗಿಯಲ್ಲಿ, ಕಣದಲ್ಲಿ, ಆಯದ ಕಾಳಾಗಿ, ಅಂದರೆ ಬೆಳೆಯ ಪಾಲಾಗಿ. ಬಿತ್ತನೆ ನಡುವೆ ತಾಳು ಮುರಿದರೆ ಅವನೇ ಓಡಿಬರಬೇಕು. ತಾನು ಮಾಡಿದ ವಸ್ತುವಿನ ಫಲ ನೋಡಿಯೇ ಉಣ್ಣುತ್ತಿದ್ದ ಅವನ ಕಸುಬಿನ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಏರ್ಪಾಡನ್ನು ಹೊಗಳಿ ಸುಮ್ಮನಾಗಲಾರೆ. ಆಯಗಾರನ ಪಾಲು ಎಷ್ಟೆಂದು ಹೇಳುತ್ತಿದ್ದವರು ಹೊಲದ ಒಡೆಯರು. ಮಳೆ ಕೈಕೊಟ್ಟ ವರ್ಷ ಅವನ ಮನೆಯಲ್ಲೂ ಒಲೆ ಉರಿಯುತ್ತಿರಲಿಲ್ಲ.

ಇನ್ನೊಂದು ಕೈ ಇದೆ. ಕೂರಿಗೆಯ ಬಟ್ಟಲಿಗೆ ಕಾಳು ಬಿಡುವ ಹೆಂಗಸಿನದು. ಎತ್ತಿನ ನಡಿಗೆಗೆ ತಕ್ಕಂತೆ ಮುಷ್ಟಿ ಸಡಿಲಿಸುತ್ತ, ಎಲ್ಲ ತೂತಿಗೂ ಸಮನಾಗಿ ಕಾಳು ಇಳಿಸುತ್ತ ಅವಳು ಹಿಂದೆ ನಡೆಯುತ್ತಾಳೆ. ಬಿದಿರಿನ ಕೊಳವೆಗೆ ಮಣ್ಣು ಕಟ್ಟಿದ್ದು ಮೊದಲು ತಿಳಿಯುವುದೂ ಅವಳಿಗೇ. ಅವಳ ಗಮನ ತಪ್ಪಿದರೆ ವಾರದ ಮೇಲೆ ಹೊಲದಲ್ಲಿ ಒಂದು ಸಾಲು ಪೂರಾ ಬೋಳು. ಬಟ್ಟಲು ಎಷ್ಟು ಎತ್ತರದಲ್ಲಿದ್ದರೆ ಸೊಂಟ ನೋಯುವುದಿಲ್ಲ ಎಂದು ಅವಳನ್ನು ಯಾರು ಕೇಳಿದರು? ಇಡೀ ಸಾಧನವನ್ನು ಅತಿ ಹತ್ತಿರದಿಂದ ಬಲ್ಲವಳು ಬಡಿಗನ ಮುಂದಿನ ಆ ಮಾತುಕತೆಯಲ್ಲಿ ಇರಲಿಲ್ಲ. ನನ್ನ ಮಟ್ಟಿಗೆ ಕೂರಿಗೆಯ ದೊಡ್ಡ ಕೊರತೆ ಇದು.

1958ರಲ್ಲಿ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ತಂಬಿಗೆಯನ್ನು ತುಂಬು ಮನಸ್ಸಿನಿಂದ ಮೆಚ್ಚಿದರು. ಅದರ ಬೆನ್ನಲ್ಲೇ, 1961ರಲ್ಲಿ, ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ತಂಬಿಗೆ ತಲೆಮಾರುಗಳ ಕೈಯಲ್ಲಿ ರೂಪುಗೊಂಡದ್ದು ಎಂದು ಅವರು ಕಂಡುಕೊಂಡಿದ್ದರು. ಕೂರಿಗೆಯನ್ನು ನೋಡಿದ್ದರೆ ಆ ಕೈಗಳು ಪರಸ್ಪರ ಜಗಳವಾಡಿದ್ದೂ ಕಾಣುತ್ತಿತ್ತು.

ಈಗ ಕೂರಿಗೆ ಟ್ರ್ಯಾಕ್ಟರಿನ ಬೆನ್ನೇರಿದೆ, ಬಡಿಗನ ಜಾಗಕ್ಕೆ ವೆಲ್ಡಿಂಗ್ ಅಂಗಡಿ ಬಂದಿದೆ. ಆದರೂ ಹಳೆಯ ಎಡೆಕುಂಟೆ ಇಟ್ಟುಕೊಂಡ ರೈತ ಅಲ್ಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಅದರ ಅಗಲಕ್ಕೆ ಕತ್ತರಿಸಿದ ಜೋಳದ ದಂಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಾನೆ.