ಸೀರೆಗೆ ಫಾಲ್, ಅಜ್ಜಿಗೆ ಕನಸು

ರಬಕವಿ-ಬನಹಟ್ಟಿಯ ಪೇಟೆಯಲ್ಲಿ ಅಡ್ಡಾಡಿದವರಿಗೆ ‘ಇಲ್ಲಿ ಫಾಲ್, ಪಿಕೋ ಮಾಡಿಕೊಡಲಾಗುವುದು’ ಎಂಬ ಬೋರ್ಡು ಹೊಸದಲ್ಲ. ಮಗ್ಗದ ಸದ್ದಿನ ಊರು ಅದು. ಸೀರೆ ನೇಯುವವರೂ ನಮ್ಮವರೇ, ಉಡುವವರೂ ನಮ್ಮವರೇ. ಆದರೆ ಬೋರ್ಡಿನ ಮೇಲಿನ ಪದಗಳು ಮಾತ್ರ ಬಲು ದೂರದಿಂದ ಬಂದವು. ಪಿಕೋ ಎನ್ನುವುದು ಫ್ರೆಂಚ್ ಪದ. ಲೇಸಿನ ಅಂಚಿಗೆ ಹಾಕುವ ಪುಟ್ಟ ಕುಣಿಕೆಗೆ ಅವರು ಹಾಗೆನ್ನುತ್ತಾರೆ. ಫಾಲ್ ಇಂಗ್ಲಿಷಿನದು. ಅದರ ಅರ್ಥ ಮೂರನೇ ಇಯತ್ತೆಯ ಹುಡುಗರಿಗೂ ಗೊತ್ತು: ಬೀಳುವುದು.

ಅಲ್ಲೇ ಒಬ್ಬ ಹುಡುಗಿ ನನ್ನನ್ನು ಹಿಡಿದು ನಿಲ್ಲಿಸಿದಳು. “ಕಾಕಾ, ಸೀರಿ ನೆಟ್ಟಗ ನಿಲ್ಲಲಿ ಅಂತ ಹಚ್ಚತಾರ. ಹಂಗಾದ್ರ ಅದಕ್ಕ ಬೀಳೂದು ಅಂತ ಯಾಕ ಹೆಸರು?”

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಫ್ರೆಂಚರ ಮನೆಗೆ ಒಮ್ಮೆ ಹೋಗಿ ಬರೋಣ.

ಅವರಲ್ಲಿ ಬೀಳುವುದಕ್ಕೆ ‘ತೋಂಬೆ’ ಎನ್ನುತ್ತಾರೆ. ಬರೆಯುವಾಗ ಕೊನೆಗೊಂದು ‘ರ್’ ಇದೆ, ಹೇಳುವಾಗ ಇಲ್ಲ. ಮಗು ಬಿದ್ದರೂ ತೋಂಬೆ, ಮಳೆ ಬಿದ್ದರೂ ತೋಂಬೆ. ಬಟ್ಟೆಯ ವ್ಯಾಪಾರದಲ್ಲಿ ಇದೇ ಉಚ್ಚಾರದ ಇನ್ನೊಂದು ಪದವಿದೆ. ಬಟ್ಟೆ ಮೈಮೇಲೆ ಹೇಗೆ ಇಳಿಬೀಳುತ್ತದೆ, ಅದರ ಮಡಿಕೆ ಹೇಗೆ ಕೂಡುತ್ತದೆ ಎನ್ನುವ ಗುಣಕ್ಕೆ ಆ ಹೆಸರು. ಇಂಗ್ಲಿಷಿನಲ್ಲಿ ಅದಕ್ಕೆ ‘ಡ್ರೇಪ್’ ಎಂದೋ ‘ಫಾಲ್’ ಎಂದೋ ಹೇಳಬೇಕು. ಕನ್ನಡದಲ್ಲಿ? ಸೀರೆ ಅಂಗಡಿಯಲ್ಲಿ ಕೂತು ಅವ್ವ ಏನಂತಾಳೆ ಕೇಳಿ: “ಇದು ಮೈಮ್ಯಾಲೆ ಚಲೋ ಬೀಳ್ತದ ನೋಡು, ನಿರಿಗಿ ಚಂದ ಬೀಳ್ತಾವ.” ಪ್ಯಾರಿಸ್ಸಿನ ದರ್ಜಿಯೂ ನಮ್ಮ ಅವ್ವನೂ ಒಂದೇ ಮಾತು ಆಡಿದಂತಾಯಿತು! ಸೀರೆಯ ಕೆಳಗಿನ ಅಂಚಿಗೆ ಒಳಗಡೆಯಿಂದ ಒಂದು ಪಟ್ಟಿ ಹೊಲಿದರೆ ಅಲ್ಲಿ ತೂಕ ಬರುತ್ತದೆ, ನಿರಿಗೆ ನೆಟ್ಟಗೆ ಕೆಳಗೆ ಬೀಳುತ್ತದೆ. ಅದಕ್ಕೇ ಅದು ಫಾಲ್. ಹದಿನೆಂಟು ಮೊಳದ ಕೈಮಗ್ಗದ ಸೀರೆಯನ್ನು ಕಚ್ಚೆ ಹಾಕಿ ಉಟ್ಟ ಅಜ್ಜಿಯರಿಗೆ ಈ ಪಟ್ಟಿ ಬೇಕಾಗಿರಲಿಲ್ಲ. ದಡಿಯೇ ದಪ್ಪ ಇರುತ್ತಿತ್ತು.

ಫ್ರೆಂಚರು ಬೀಳುವ ಬಗೆ ಕೆಲವು ಕಡೆ ನಮ್ಮಂತೆಯೇ ಇದೆ. ಅವರು ಕಾಯಿಲೆಗೆ ‘ಬೀಳುತ್ತಾರೆ’, ಇಂಗ್ಲಿಷರೂ ಬೀಳುತ್ತಾರೆ, ನಾವೂ ಜಡ್ಡಿಗೆ ಬೀಳುತ್ತೇವೆ. ಮೂರ್ಛೆ ಹೋದರೆ ಮಾತ್ರ ಫ್ರೆಂಚರು ‘ಸೇಬುಗಳ ನಡುವೆ ಬಿದ್ದ’ ಎನ್ನುತ್ತಾರೆ. ಬೆರಗಾದರೆ ‘ಮೋಡದಿಂದ ಬಿದ್ದೆ’. ಹಾಕಿಕೊಂಡ ಯೋಜನೆ ಕೆಟ್ಟರೆ ಅದು ‘ನೀರಿಗೆ ಬಿತ್ತು’. ನಾವು ಅದನ್ನೇ ನೀರಾಗ ಹೋಮ ಮಾಡಿದಂಗಾತು ಅನ್ನುತ್ತೇವೆ. ಅಲ್ಲಿಯೂ ನೀರು, ಇಲ್ಲಿಯೂ ನೀರು.

ಬೀಳುವುದಕ್ಕೆ ಫ್ರೆಂಚಿನಲ್ಲಿ ‘ಶೂತ್’ ಎಂಬ ಇನ್ನೊಂದು ಪದವೂ ಇದೆ. ಅದರ ಹಿಂದೆ ‘ತಡೆ’ ಎಂಬ ಅರ್ಥದ ‘ಪಾರಾ’ ಸೇರಿಸಿದರೆ ಪ್ಯಾರಾಶೂಟ್. 1783ರಲ್ಲಿ ಲೆನೊರ್ಮಾಂ ಎಂಬ ಫ್ರೆಂಚ್ ಮನುಷ್ಯ ಗೋಪುರದ ಮೇಲಿಂದ ಇಂಥದೊಂದನ್ನು ಹಿಡಿದು ಹಾರಿದ, ಹೆಸರಿಟ್ಟವನೂ ಅವನೇ. 1797ರ ಅಕ್ಟೋಬರ್ 22ರಂದು ಗಾರ್ನೆರಾಂ ಎಂಬಾತ ಪ್ಯಾರಿಸ್ಸಿನಲ್ಲಿ ಬಲೂನಿನಿಂದ ಹಗ್ಗ ಕತ್ತರಿಸಿಕೊಂಡು ಇಳಿದ. ಅವನ ಜೀವ ಉಳಿಸಿದ್ದು ರೇಷ್ಮೆ ಬಟ್ಟೆ. ನೇಕಾರರ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಬೇಕು.

‘ಶೂತ್’ನ ಮೂಲ ಲ್ಯಾಟಿನ್ನಿನಲ್ಲಿದೆ. ಅದೇ ಮೂಲದಿಂದ, ಫ್ರೆಂಚರ ಮೂಲಕವೇ, ಇಂಗ್ಲಿಷಿಗೆ ಬಂದ ಇನ್ನೊಂದು ಪದ ‘ಚಾನ್ಸ್’. ದಾಳ ಹೇಗೆ ಬಿತ್ತೋ ಅದೇ ಚಾನ್ಸ್. ಚೌಕಾಬಾರದ ಮನೆ ಬರೆದು ಕವಡೆ ಚೆಲ್ಲಿದ ಅಜ್ಜ “ಗರ ಬಿತ್ತು” ಅನ್ನುವಾಗ ಇದೇ ಮಾತನ್ನು ಅಚ್ಚಗನ್ನಡದಲ್ಲಿ ಹೇಳುತ್ತಿರುತ್ತಾನೆ.

ಇಷ್ಟು ತಿರುಗಾಡಿದ್ದು ಒಂದು ಜಗಳ ಬಿಡಿಸುವುದಕ್ಕೆ. ಅದೇ ಹುಡುಗಿಯ ಮನೆಯಲ್ಲಿ ನಡೆದದ್ದು. ಅಜ್ಜಿ “ನಿನ್ನಿ ರಾತ್ರಿ ನಂಗೊಂದು ಕನಸ ಬಿದ್ದಿತ್ತ” ಎಂದಳಂತೆ. ಮೊಮ್ಮಗಳು ನಕ್ಕು, “ಆಯಿ, ಕನಸು ಬೀಳೂದಲ್ಲ, ಕಾಣೂದು. ಇಂಗ್ಲಿಷಿನ್ಯಾಗ ಡ್ರೀಮ್ ಫೆಲ್ ಅಂದ್ರ ತಪ್ಪು ಹಾಕತಾರ” ಎಂದಳಂತೆ. ಅಜ್ಜಿ ಆಮೇಲೆ ಆ ಕನಸನ್ನು ಹೇಳಲೇ ಇಲ್ಲವಂತೆ.

ನಾನು ಅಜ್ಜಿಯ ಕಡೆ. ಇಂಗ್ಲಿಷಿನಲ್ಲಿ ತಪ್ಪಾದದ್ದು ಕನ್ನಡದಲ್ಲಿ ತಪ್ಪಾಗಬೇಕೆಂದಿಲ್ಲ. ಇಂಗ್ಲಿಷಿನವರಿಗೆ ರಾತ್ರಿ ಬೀಳುತ್ತದೆ, ನಿದ್ದೆಗೂ ಅವರು ಬೀಳುತ್ತಾರೆ. ನಮಗೆ ಕತ್ತಲು ಕವಿಯುತ್ತದೆ, ನಿದ್ದೆ ಹತ್ತುತ್ತದೆ. ಬೀಳುವುದು ನಮ್ಮಲ್ಲಿ ಬಿಸಿಲು! ಇನ್ನು ಕನಸಿನಲ್ಲಿ ಕನ್ನಡ ಎರಡು ದಾರಿ ಇಟ್ಟುಕೊಂಡಿದೆ. ಮೊಮ್ಮಗಳು ಡಾಕ್ಟರ್ ಆಗಬೇಕು ಎಂಬುದು ಕಂಡ ಕನಸು. ಅದು ಎಂದೂ ‘ಬೀಳುವುದಿಲ್ಲ’. ರಾತ್ರಿ ತಾನಾಗಿ ಬಂದು, ಕೇಳದೆ ಕೊಳ್ಳದೆ ಎದೆಯ ಮೇಲೆ ಕೂಡುತ್ತದಲ್ಲ, ಅದು ಬಿದ್ದ ಕನಸು. ಇಂಗ್ಲಿಷಿನ ಡ್ರೀಮ್ ಎಂಬ ಒಂದೇ ಪದ ಎರಡನ್ನೂ ಹೊರಬೇಕು. ಅಜ್ಜಿಯ ಕ್ರಿಯಾಪದ ಅವನ್ನು ಬೇರೆ ಮಾಡಿ ತೋರಿಸುತ್ತದೆ.

ಫ್ರೆಂಚರಿಗೆ ಹಲ್ಲೂ ಬೀಳುತ್ತದೆ, ಕೂದಲೂ ಬೀಳುತ್ತದೆ, ಎಲೆಯೂ ಬೀಳುತ್ತದೆ. ನಮಗೆ ಕೂದಲು ಉದುರುತ್ತದೆ, ಎಲೆ ಉದುರುತ್ತದೆ. ಹಲ್ಲು ಮಾತ್ರ ಬೀಳುತ್ತದೆ, ಮೊಮ್ಮಗನದೂ ಅಜ್ಜನದೂ. ಆಲದ ಮರದಿಂದ ಇಳಿಬೀಳುವುದು ಬಿಳಲು. ಉಳದೆ ಬಿಟ್ಟ ಹೊಲ ಬೀಳು. ಗಂಟು ಬೀಳುವುದು, ಬೆನ್ನು ಬೀಳುವುದು, ಕಾಲಿಗೆ ಬೀಳುವುದು, ಬೀಗ ಬೀಳುವುದು... ಎಷ್ಟಂತ ಹೇಳಲಿ?

ಮಕ್ಕಳೇ, ಈ ವಾರ ಒಂದು ಕೆಲಸ. ಮನೆಯ ಹಿರಿಯರ ಹತ್ತಿರ ಕೂತು, ಅವರ ಮಾತಿನಲ್ಲಿ ಏನೇನು ಬೀಳುತ್ತದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಡುವೆ ಅವರಿಗೆ ಬಿದ್ದ ಕನಸನ್ನೂ ಕೇಳಿ. ಆ ಹುಡುಗಿಗೂ ಇದನ್ನೇ ಹೇಳಿ ಬಂದಿದ್ದೇನೆ. ಜೊತೆಗೆ ಒಂದು ಒಗಟು: ಹೊಲದಲ್ಲಿ ಮಳೆಯೂ ‘ಬಿತ್ತು’, ರೈತನಿಗೆ ಹೇಳುವುದೂ ‘ಬಿತ್ತು’. ಎರಡೂ ಒಂದೇ ಪದವೇ, ಬೇರೆಯೇ? ಉತ್ತರ ಅಜ್ಜನಿಗೆ ಗೊತ್ತಿರುತ್ತದೆ.