ಐವತ್ತು ನಿಮಿಷದ ಮಂಗಳೂರು

ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ಆಕಾಶದಲ್ಲಿ 300ರ ಆಸುಪಾಸು. ವ್ಯತ್ಯಾಸ ಅಷ್ಟೇನೂ ಇಲ್ಲ. ಆದರೂ ಯಾರೂ ಕಿಲೋಮೀಟರ್ ಲೆಕ್ಕದಲ್ಲಿ ಮಾತನಾಡುವುದಿಲ್ಲ. ವಿಮಾನದಲ್ಲಿ ಹೋಗುವವರು ‘ಐವತ್ತು ನಿಮಿಷ’ ಎನ್ನುತ್ತಾರೆ, ಬಸ್ಸಿನವರು ‘ಒಂದು ರಾತ್ರಿ’ ಎನ್ನುತ್ತಾರೆ. ಈ ಐವತ್ತು ನಿಮಿಷದ ಬಗ್ಗೆ ನನಗೆ ತಕರಾರಿದೆ.

ಜಯನಗರದ ಮನೆಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಲು ಎರಡು ಗಂಟೆ ಇಟ್ಟುಕೊಳ್ಳಬೇಕು. ಹೆಬ್ಬಾಳದಲ್ಲಿ ಸಿಕ್ಕಿಬಿದ್ದವರು ಇನ್ನಷ್ಟು ಸೇರಿಸಲಿ. ತಪಾಸಣೆಗೆಂದು ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ ಇಳಿದು, ಬ್ಯಾಗು ಬರುವುದನ್ನು ಕಾದು, ಗುಡ್ಡ ಇಳಿದು ಊರು ಸೇರಲು ಮತ್ತೊಂದು ಗಂಟೆ. ಹಾರಾಟದ ಐವತ್ತು ನಿಮಿಷವೂ ಸೇರಿ ಒಟ್ಟು ಸುಮಾರು ಐದೂವರೆ ಗಂಟೆಯಾಯಿತು. ಕಾರಿನಲ್ಲಿ ಏಳೆಂಟು. ಇನ್ನು ಉಪ್ಪಿನಂಗಡಿಯವರ ಪಾಡು ನೋಡಿ. ಬಸ್ಸು ಅವರ ಊರಿನ ಮೇಲೇ ಹಾದುಹೋಗುತ್ತದೆ. ವಿಮಾನ ಹತ್ತಿದರೆ ಬಜ್ಪೆಯವರೆಗೆ ಹೋಗಿ, ಬಂದ ದಿಕ್ಕಿಗೇ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ವಾಪಸು ಬರಬೇಕು. ಪುತ್ತೂರು, ಸುಳ್ಯದವರ ಗೋಳೂ ಇದೇ. ವಿಮಾನ ಉಳಿಸಿಕೊಡುವ ಸಮಯ ನಿಮ್ಮ ಮನೆ ಎಲ್ಲಿದೆ ಎಂಬುದರ ಮೇಲೆ ನಿಂತಿದೆ.

ಹಾಗಂತ ರಸ್ತೆಯನ್ನು ಹೊಗಳುವಂತಿಲ್ಲ. ಹಾಸನದವರೆಗೆ ಚತುಷ್ಪಥದಲ್ಲಿ ಸಲೀಸಾಗಿ ಬಂದವರ ಲೆಕ್ಕಾಚಾರವೆಲ್ಲ ಸಕಲೇಶಪುರ ದಾಟಿದ ಮೇಲೆ ತಲೆಕೆಳಗಾಗುತ್ತದೆ. ಮಾರನಹಳ್ಳಿಯಿಂದ ಅಡ್ಡಹೊಳೆವರೆಗಿನ ಶಿರಾಡಿ ಘಾಟಿ ಮೂವತ್ತು ಕಿಲೋಮೀಟರೂ ಇಲ್ಲ. ಇಡೀ ಪ್ರಯಾಣದ ಹಣೆಬರಹ ಬರೆಯುವುದು ಮಾತ್ರ ಅದೇ. ಒಂದು ಗ್ಯಾಸ್ ಟ್ಯಾಂಕರ್ ತಿರುವಿನಲ್ಲಿ ಮಗುಚಿದರೆ ಎರಡೂ ಕಡೆ ಮೈಲುಗಟ್ಟಲೆ ಸಾಲು. ಕಾಂಕ್ರೀಟ್ ಹಾಕಲು 2015ರಲ್ಲಿ ಮತ್ತು 2018ರಲ್ಲಿ ತಿಂಗಳುಗಟ್ಟಲೆ ಘಾಟಿ ಮುಚ್ಚಿದರು. ಎರಡನೇ ಸಲ ಜುಲೈಯಲ್ಲಿ ತೆರೆದರೆ, ಆಗಸ್ಟಿನ ಮಳೆಗೆ ಗುಡ್ಡ ಜರಿದು ಮತ್ತೆ ಬಂದ್! 2024ರ ಜುಲೈಯಲ್ಲಿ ದೊಡ್ಡತಪ್ಪಲು ಬಳಿ ಮಣ್ಣು ರಸ್ತೆಗೆ ಬಿತ್ತು. ಅದೇ ತಿಂಗಳು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ರೈಲೂ ನಿಂತಿತು. ಆಗ ಉಳಿಯುವುದು ಚಾರ್ಮಾಡಿ ಮತ್ತು ಸಂಪಾಜೆ ಘಾಟಿಗಳು. ಮಳೆ ಅವುಗಳನ್ನೂ ಬಿಡುವುದಿಲ್ಲ. ಇಂಥ ದಿನಗಳಲ್ಲೇ ವಿಮಾನದ ಟಿಕೆಟ್ ದರ ಗಗನಕ್ಕೇರುತ್ತದೆ. ಬಜ್ಪೆಯದು ಗುಡ್ಡದ ತುದಿಯ ರನ್‌ವೇ, ಮಳೆ ಜೋರಾಗಿ ಕಣ್ಣು ಕಾಣದಿದ್ದರೆ ವಿಮಾನ ಇಳಿಯದೆ ಬೇರೆ ಊರಿಗೆ ಹೋಗುವುದೂ ಉಂಟು.

ಶಿರಾಡಿ ಸುರಂಗ ಮಾರ್ಗದ ಘೋಷಣೆಗಳನ್ನು ಕೇಳಿ ಕೇಳಿ ಕರಾವಳಿಯವರ ಕಿವಿ ತೂತಾಗಿದೆ. ಸದ್ಯಕ್ಕೆ ಬೇಕಾದದ್ದು ಅದಕ್ಕಿಂತ ಸಣ್ಣದು: ಗುಡ್ಡವನ್ನು ನೆಟ್ಟಗೆ ಕಡಿಯದೆ ಇಳಿಜಾರು ಬಿಟ್ಟು ಅಗೆಯುವುದು, ಮಳೆನೀರಿಗೆ ಸರಿಯಾದ ಚರಂಡಿ, ಕೆಟ್ಟು ನಿಂತ ಲಾರಿ ಎಳೆಯಲು ಘಾಟಿಯ ಎರಡೂ ತುದಿಯಲ್ಲಿ ಕ್ರೇನು. ಘಾಟಿ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಹಾಸನ ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಗಳು ಒಂದೇ ಬಾಯಲ್ಲಿ ಹೇಳಲಿ. ನೆಲಮಂಗಲದಲ್ಲೇ ಫಲಕ ಹಾಕಿದರೆ ಜನ ಸಕಲೇಶಪುರದವರೆಗೆ ಬಂದು ಹಿಂತಿರುಗುವುದು ತಪ್ಪುತ್ತದೆ.

ಅಲ್ಲಿಯವರೆಗೆ, ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮಂಗಳೂರಿನಲ್ಲಿ ಸಂದರ್ಶನವೋ ಕೋರ್ಟಿನ ಕೆಲಸವೋ ಇದ್ದವರು, ಕೈಯಲ್ಲಿ ಯಾವ ಟಿಕೆಟ್ ಇದ್ದರೂ, ಒಂದು ದಿನ ಮೊದಲೇ ಹೊರಡಿ.