ಅಂಟುರೋಗವಲ್ಲ, ಅಂಜಬೇಡಿ
ಸೋದರಿಯರೇ, ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಮೊಣಕೈ ಮೇಲೆ ಸೋರಿಯಾಸಿಸ್. ‘ಅಂಟುಜಾಡ್ಯ’ ಅಂತ ಗಂಡಿನ ಕಡೆಯವರು ಹಿಂದೆ ಸರಿದರಂತೆ. ಇದು ಖಂಡಿತ ಅಂಟೋದಿಲ್ಲ. ಮೈ ಕಾಯುವ ಶಕ್ತಿಯೇ ಚರ್ಮದ ಮೇಲೆ ತಿರುಗಿ ಬೀಳುವ ಕಾಯಿಲೆ.

1962ರಲ್ಲಿ ಇಟಲಿಯ ರಿಟೋಸಾ ಎಂಬ ವಿಜ್ಞಾನಿ, ಕಾವು ಹೆಚ್ಚಾದಾಗ ಹಣ್ಣುನೊಣದ ವರ್ಣತಂತುಗಳು ಅಲ್ಲಲ್ಲಿ ಉಬ್ಬುವುದನ್ನು ಕಂಡರು. ಕಷ್ಟ ಬಂದಾಗ ಜೀವಕೋಶ ತನ್ನನ್ನು ಉಳಿಸಿಕೊಳ್ಳಲು ವಿಶೇಷ ಪ್ರೋಟೀನು ತಯಾರಿಸುತ್ತದೆಂದು ಆಮೇಲೆ ತಿಳಿಯಿತು. ಸೋರಿಯಾಸಿಸ್ ಚರ್ಮದಲ್ಲೂ ಇಂಥ ಪ್ರೋಟೀನುಗಳು ಹೆಚ್ಚಾಗಿ ಕಂಡುಬಂದಿವೆ.

ಕೆರೆಯಬೇಡಿ. ಉಗುರುಬೆಚ್ಚನೆ ನೀರಲ್ಲಿ ಮಿಂದು, ಪಸೆ ಆರುವ ಮುನ್ನ ಕೊಬ್ಬರಿ ಎಣ್ಣೆ ಸವರಿ. ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಮುಲಾಮು ಬೇಡ.

ಎಳೆಗೂಸಿಗೆ ಇಸಬಿನ ಜೊತೆ ಪದೇ ಪದೇ ಕಿವಿ ಸೋರಿಕೆ, ನ್ಯುಮೋನಿಯಾ, ಮೈಮೇಲೆ ರಕ್ತದ ಚುಕ್ಕೆ ಕಂಡರೆ ಮಾತ್ರ ರೋಗನಿರೋಧಕ ಶಕ್ತಿಯೇ ಕುಂದಿರಬಹುದು. ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.